ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಅಜ್ಜಿಯ ಪದಗಳು: ಯೂನಿಕೋಡ್‌ಗೆ ತರುವುದು ಹೇಗೆ?

ಗದಗ ಕೀಲಿಮಣೆ

ನಮಸ್ಕಾರ ರೀ ಎಲ್ಲರಿಗೂ. ನನ್ನದು ಗದಗ-ಬೆಟಗೇರಿ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ವಿಷಯ ಪೂರ್ತಿ ಹೇಳದಿದ್ದರೆ ನಿಮಗೂ ಸಲಹೆ ಕೊಡಲು ಆಗುವುದಿಲ್ಲ.

ನಮ್ಮ ಅಪ್ಪ ಪ್ರೆಸ್ಸಿನಲ್ಲಿ ದುಡಿದವರು. ಗದಗದಲ್ಲಿ ಪ್ರೆಸ್ಸು ಜಾಸ್ತಿ, ನಿಮಗೆಲ್ಲ ಗೊತ್ತಿರುವುದೇ. 16ನೇ ವಯಸ್ಸಿಗೇ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ನಿಂತರು. ಸೀಸದ ಮೊಳೆ, ಟ್ರೆಡಲ್ ಮಶಿನ್, ಮನೆಗೆ ಬಂದಾಗ ಮೈಯೆಲ್ಲ ಸೀಮೆಎಣ್ಣೆ ವಾಸನೆ. 1999ರಲ್ಲಿ ಆ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಅಪ್ಪನಿಗೆ ಆಗ 44. ಜೊತೆಗಿದ್ದ ಇಬ್ಬರು ಕೆಲಸ ಬಿಟ್ಟು ಹೋದರು. ಅಪ್ಪ ಒಂದೇ ತಿಂಗಳಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಕಲಿತರು.

2003ರಲ್ಲಿ ಮನೆಗೂ ಒಂದು ಕಂಪ್ಯೂಟರ್ ತಂದರು. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ನನಗೆ ಕಂಪ್ಯೂಟರ್ ಹುಚ್ಚು ಹಿಡಿದಿದ್ದು ಆ ಡಬ್ಬಿಯಿಂದಲೇ. ಈಗ ನಾನು ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆದರೆ ರಾತ್ರಿ ಮನೆಗೆ ಬಂದು ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ತೆರೆದರೆ ದಣಿವು ಹೋಗುತ್ತದೆ.

ಅಪ್ಪ ಹಗಲೆಲ್ಲ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ಪಾವತಿ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ ಮಾಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಅಜ್ಜಿಯ ಪದ, ಅಂದರೆ ಅವಳ ಹಾಡು, ಟೈಪ್ ಮಾಡುತ್ತಿದ್ದರು. ಅಜ್ಜಿ ಮುಳಗುಂದದವಳು. ಓದು ಬರಹ ಬರುತ್ತಿರಲಿಲ್ಲ. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ತೊಟ್ಟಿಲ ಪದ, ಎಷ್ಟು ಬೇಕಾದರೂ ಹಾಡುತ್ತಿದ್ದಳು. ಕಂಪ್ಯೂಟರ್ ಟೇಬಲ್ಲಿನ ಪಕ್ಕ ಚಾಪೆ ಹಾಕಿ ಕೂತಿರುತ್ತಿದ್ದಳು. ಅಪ್ಪ "ತಡಿಯವ್ವಾ, ಇನ್ನೊಮ್ಮಿ ಹೇಳು" ಅನ್ನುತ್ತಿದ್ದರು. ಅವಳಿಗೆ ಸುಮ್ನೆ ಹೇಳಲು ಬರುತ್ತಿರಲಿಲ್ಲ. ಸಾಲು ನೆನಪಾಗಬೇಕಾದರೆ ಮೊದಲಿನಿಂದ ಹಾಡಬೇಕಿತ್ತು. ಬಲಗೈ ತಾನೇ ತಾನಾಗಿ ಗುಂಡಗೆ ತಿರುಗುತ್ತಿತ್ತು, ಬೀಸುಕಲ್ಲು ಮುಂದೆ ಇದ್ದ ಹಾಗೆ.

ಅಜ್ಜಿ 2009ರಲ್ಲಿ ಹೋದಳು. ಅಪ್ಪ ಹೋಗಿ ಎರಡು ವರ್ಷವಾಯಿತು. ಕಂಪ್ಯೂಟರ್ ಮೇಲೆ ಅವ್ವ ಹಳೆ ಇಳಕಲ್ ಸೀರೆಯ ತುಂಡು ಹೊದಿಸಿ ಇಟ್ಟಿದ್ದಳು. ಮೊನ್ನೆ ದೀಪಾವಳಿ ರಜೆಯಲ್ಲಿ ಆನ್ ಮಾಡಿದೆ. ಹಾಗೂ ಹೀಗೂ ಚಾಲೂ ಆಯಿತು. "ಅವ್ವನ ಪದ" ಎಂಬ ಫೋಲ್ಡರ್‌ನಲ್ಲಿ 612 ಕಡತ ಇವೆ. 380 ವರ್ಡ್, ಉಳಿದವು ಪೇಜ್‌ಮೇಕರ್. ಒಂದನ್ನು ಪೆನ್‌ಡ್ರೈವ್‌ಗೆ ಹಾಕಿ ಫೋನಿನಲ್ಲಿ ತೆರೆದೆ. ಒಂದು ಕನ್ನಡ ಅಕ್ಷರವೂ ಇಲ್ಲ. ಪೌಂಡ್ ಗುರುತು, ತಲೆ ಮೇಲೆ ಗೀಟು ಇರುವ ಎ, ಜರ್ಮನ್ ಭಾಷೆಯ ಯಾವುದೋ ಅಕ್ಷರ. ಆಮೇಲೆ ಗೊತ್ತಾಯಿತು, ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಆಗಿದೆ. ಆ ಫಾಂಟಿನಲ್ಲಿ "ಗದಗ" ಎಂದು ಬರೆದರೆ ಕಡತದ ಒಳಗೆ ಉಳಿಯುವುದು ಯು, ಝಡ್, ಯು. ಪ್ರತಿಯೊಂದರ ಹಿಂದೆ ಒಂದು ಗೀಟಿನ ಎ. ಅದು ನಮ್ಮ ತಲೆಕಟ್ಟು. ಫಾಂಟ್ ಇದ್ದರೆ ಗದಗ. ಇಲ್ಲದಿದ್ದರೆ ಏನೂ ಅಲ್ಲ.

ಇನ್ನೊಂದು ದಾರಿ ಹಿಡಿದು ನೋಡಿದೆ. ಅಪ್ಪ ಪ್ರಿಂಟ್ ತೆಗೆದಿದ್ದ ಒಂದು ಹಾಳೆ ಸಿಕ್ಕಿತು. ಅದರ ಫೋಟೋ ತೆಗೆದು ಫೋನಿನ ಒಂದು ಎಐ ಆ್ಯಪ್‌ಗೆ ಕೊಟ್ಟೆ. ಹತ್ತು ಸೆಕೆಂಡಿನಲ್ಲಿ ಚೆಂದದ ಕನ್ನಡ ಬಂತು. ಖುಷಿಯಾಗಿ ಅವ್ವನಿಗೆ ಓದಿ ಹೇಳಿದೆ. ಅವ್ವ ಅರ್ಧಕ್ಕೇ ತಡೆದಳು. "ಇದು ನಮ್ಮ ಅತ್ತಿ ಪದ ಅಲ್ಲ ಬಿಡು" ಅಂದಳು. ಹಾಳೆ ಜೊತೆ ಇಟ್ಟು ನೋಡಿದೆ. "ಐತಿ" ಇದ್ದಲ್ಲೆಲ್ಲ "ಇದೆ" ಆಗಿದೆ. "ಬರತಾಳ" ಹೋಗಿ "ಬರುತ್ತಾಳೆ" ಆಗಿದೆ. ಹಾಳೆ ಹರಿದುಹೋದ ಕಡೆ ಒಂದು ಸಾಲು ತಾನೇ ಕಟ್ಟಿ ಸೇರಿಸಿದೆ. ಆ ಸಾಲು ಕೇಳಲು ಚೆನ್ನಾಗಿತ್ತು. ಅದೇ ನನಗೆ ಹೆದರಿಕೆ ಆಗಿದ್ದು. ಅವ್ವ ಇಲ್ಲದಿದ್ದರೆ ನಾನು ನಂಬಿಬಿಡುತ್ತಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ಅಪ್ಪ ಒತ್ತಿದ ಕೀಲಿ ಒಂದೂ ಬದಲಾಗದ ಹಾಗೆ ಇವನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಈಗಿನ ಫೋನು ಕಂಪ್ಯೂಟರುಗಳೆಲ್ಲ ಓದುವ ಅಕ್ಷರಕ್ಕೆ, ತರಬೇಕು. 612 ಕಡತ ಒಂದೊಂದಾಗಿ ಕಾಪಿ ಪೇಸ್ಟ್ ಮಾಡುವುದು ಆಗದ ಮಾತು. ಪೇಜ್‌ಮೇಕರ್ ಕಡತಗಳನ್ನು ಈಗ ಯಾವುದರಲ್ಲಿ ತೆರೆಯುವುದು? ಮತ್ತೊಂದು ಮಾತು, ಡಿಸ್ಕ್ ಆಗಾಗ ಟಿಕ್ ಟಿಕ್ ಅನ್ನುತ್ತಿದೆ. ನನ್ನ ಮಗಳು ಈಗ 9ರವಳು. ಅವಳಿಗೆ 40 ಆದಾಗಲೂ ಈ ಪದ ಓದಲು ಸಿಗಬೇಕು.

ಉಣಕಲ್ ರಿಪೇರಿ

ತಮ್ಮಾ, ಇದನ್ನು ಓದಿದ ಕೂಡಲೇ ಆ ಮಶಿನ್ ಆಫ್ ಮಾಡು. ಫಾಂಟಿನ ಮಾತು ಆಮೇಲೆ. ಟಿಕ್ ಟಿಕ್ ಅನ್ನುವ ಡಿಸ್ಕ್ ಎಂದರೆ ಎಣಿಸಿದಷ್ಟೇ ತಾಸು ಉಳಿದಿರುವ ಡಿಸ್ಕ್. ನೀನು ಒಂದೊಂದು ಸಲ ಎಕ್ಸ್‌ಪಿ ಚಾಲೂ ಮಾಡಿದಾಗಲೂ ಅದು ತನ್ನ ಕೆಲಸಕ್ಕೆ ಏನೇನೋ ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯಬಾರದು.

ನಾನು ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಯಾರೋ ವಿಡಿಯೋದಲ್ಲಿ ಹೇಳಿರುತ್ತಾರೆ. ಒಳಗೆ ನೀರಿನ ಪಸೆ ಕೂತು ಇದ್ದದ್ದೂ ಹೋಗುತ್ತದೆ. ಇನ್ನೊಂದು, ಮುಚ್ಚಳ ಬಿಚ್ಚಿ ನೋಡುತ್ತಾರೆ. ಅದರ ಓದುವ ತಲೆ ತಟ್ಟೆಗೆ ತಾಗದೆ ಕೂದಲಿಗಿಂತ ತೆಳ್ಳಗಿನ ಸಂದಿಯಲ್ಲಿ ತೇಲುತ್ತಿರುತ್ತದೆ. ಒಂದು ಧೂಳಿನ ಕಣ ಹೋದರೂ ಗೀರು ಬೀಳುತ್ತದೆ. ನಮ್ಮ ಊರಿನ ಧೂಳು ನಿನಗೆ ಹೇಳಬೇಕಿಲ್ಲ.

ಮಾಡಬೇಕಾದ್ದು ಹೀಗೆ. ಡಿಸ್ಕ್ ಬಿಚ್ಚು. ಅದು ಐಡಿಇ ಡಿಸ್ಕ್ ಇರಬೇಕು, ಅಗಲದ ಪಟ್ಟಿ ಕೇಬಲ್ಲು. ಐಡಿಇಯಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಆದರೆ ಬೇರೆ ಕರೆಂಟ್ ಸಪ್ಲೈ ಇರುವುದನ್ನೇ ತಗೋ. ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5. ನಿನ್ನ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಹಾಕಿಕೊ. ಮೊದಲು ಸರಿ ಇರುವ ಜಾಗ ಪೂರ್ತಿ ಓದಿ, ಕೆಟ್ಟ ಜಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಎಲ್ಲಿವರೆಗೆ ಓದಿದೆ ಎಂದು ಒಂದು ಮ್ಯಾಪ್ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಪೂರ್ತಿ 40 ಜಿಬಿಯನ್ನು ಒಂದೇ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾದ ಒಂದು ಕಡತ, ಮಾಡು. ಮುಂದಿನ ಎಲ್ಲ ಕೆಲಸ ಆ ಇಮೇಜಿನ ನಕಲಿನ ಮೇಲೆ. ಮೂಲ ಡಿಸ್ಕನ್ನು ಆಮೇಲೆ ಮುಟ್ಟುವುದೇ ಬೇಡ.

ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿರುತ್ತದೆ, ನೋಡು. ಅದು ಹೋದರೆ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ. ಕೊನೆಕೊನೆಗೆ ಟೈಪ್ ಮಾಡಿದ ಕಡತಗಳಿಗೆ ಹಳೆ ತಾರೀಖು ಬಿದ್ದಿರಬಹುದು. ತಾರೀಖು ನೋಡಿ ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸಬೇಡ.

ಅಡಾಪ್ಟರ್ ಸಿಗದಿದ್ದರೆ ಹುಬ್ಬಳ್ಳಿಗೆ ಬಾ. ನನ್ನ ಹತ್ತಿರ ಇದೆ. ರೊಕ್ಕದ ಮಾತು ಬೇಡ.

ಗದಗ ಕೀಲಿಮಣೆ

ಆಫ್ ಮಾಡಿದೆ ಅಣ್ಣಾರೇ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ.

ಸಾಧನಕೇರಿ ಅಕ್ಷರ

ಓದಿ ಕಣ್ಣು ತುಂಬಿ ಬಂತು. ನಾನು ಧಾರವಾಡದಲ್ಲಿ 1997ರಿಂದ 2016ರವರೆಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ, ಮಾಡಿದವಳು. ನಿಮ್ಮ ತಂದೆಯಂಥವರ ಜೊತೆ ಕೂತು ಕೆಲಸ ಕಲಿತೆ. ಅವರು ಬೇಗ ಕಲಿತಿದ್ದು ಯಾಕೆ ಎಂದು ನನಗೆ ಗೊತ್ತು, ಹೇಳುತ್ತೇನೆ. ಇಲ್ಲೇ ನಿಮ್ಮ ಪ್ರಶ್ನೆಗೂ ಉತ್ತರ ಇದೆ.

ಮೊಳೆಯ ಕಾಲದಲ್ಲಿ ಅಕ್ಷರ ಎಂದರೆ ಆಕಾರದ ತುಂಡು. ಒತ್ತಕ್ಷರದ ಮೊಳೆ ಬೇರೆ, ಅರ್ಕಾವತ್ತಿನದು ಬೇರೆ. ಕಂಪೋಜಿಟರ್ ಕಣ್ಣಿಗೆ ಕಂಡ ಸಾಲಿನಲ್ಲೇ ಎಡದಿಂದ ಬಲಕ್ಕೆ ತುಂಡು ಜೋಡಿಸುತ್ತಾ ಹೋಗುತ್ತಿದ್ದರು. ಹಳೆ ನುಡಿ, ಬರಹ ಫಾಂಟುಗಳು ಮಾಡಿದ್ದೂ ಅದನ್ನೇ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಖಾನೆಯಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ತುಂಬಿಟ್ಟರು. ನಿಮ್ಮ ತಂದೆಗೆ ಅದು ಗುರುತಿನ ಮೊಳೆಪೆಟ್ಟಿಗೆಯೇ.

ಯೂನಿಕೋಡ್ ಹಾಗಲ್ಲ. ಅಲ್ಲಿ ಕನ್ನಡಕ್ಕೇ ಎಂದು 128 ಖಾನೆಗಳ ಜಾಗವಿದೆ. ಉಳಿಯುವುದು ಅಕ್ಷರ, ಆಕಾರ ಕಟ್ಟುವುದು ಫಾಂಟಿನ ಕೆಲಸ. "ಕನ್ನಡ" ಎಂಬ ಪದ ಹಳೆ ನುಡಿಯಲ್ಲಿ 7 ತುಂಡು. ಯೂನಿಕೋಡ್‌ನಲ್ಲಿ 5: ಕ, ನ, ಹಲಂತ, ನ, ಡ. ಅದಕ್ಕೇ ಪರಿವರ್ತನೆ ಎಂದರೆ ಒಂದಕ್ಕೊಂದು ಬದಲಿಸುವುದಷ್ಟೇ ಆಗುವುದಿಲ್ಲ, ಸಾಲು ತಿರುಗಿಸಬೇಕು. "ಕರ್ನಾಟಕ" ನೋಡಿ. ಕಣ್ಣಿಗೆ ಅರ್ಕಾವತ್ತು ನಾ ಆದಮೇಲೆ ಕಾಣುತ್ತದೆ, ಹಳೆ ಕಡತದಲ್ಲೂ ಹಾಗೇ ಇರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು, ನಾವು ಬಾಯಲ್ಲಿ ಹೇಳುವ ಸಾಲಿನಲ್ಲಿ.

ಇದನ್ನು ಸರಿಯಾಗಿ ಮಾಡುವ ಪರಿವರ್ತಕಗಳಿವೆ. ಹಳೆ ನುಡಿಗೂ ಹಳೆ ಬರಹಕ್ಕೂ ಒಂದೇ ನಡೆಯುತ್ತದೆ. ಆದರೆ ಮೂರು ಕಡೆ ನೀವೇ ಕಣ್ಣಿಡಬೇಕು.

ಬರೀ ಪಠ್ಯ ಕಾಪಿ ಮಾಡಿ ಹಾಕಬೇಡಿ. ಹಾಗೆ ಮಾಡಿದರೆ ಯಾವ ಮಾತು ಯಾವ ಫಾಂಟಿನಲ್ಲಿತ್ತು ಎಂಬುದು ಅಳಿಸಿಹೋಗುತ್ತದೆ. ನಡುವೆ ಇಂಗ್ಲಿಷಿನಲ್ಲಿ ಬರೆದದ್ದೂ ಕನ್ನಡದ ಕಲಸುಮೇಲೋಗರ ಆಗುತ್ತದೆ. ವರ್ಡ್ ಕಡತದಲ್ಲಿ ಪ್ರತಿ ತುಂಡಿಗೂ ಫಾಂಟಿನ ಹೆಸರು ಇರುತ್ತದೆ. ನುಡಿ ಎಂದು ಇದ್ದದ್ದನ್ನು ಮಾತ್ರ ಬದಲಿಸಬೇಕು.

ಎರಡನೆಯದು ನಮ್ಮ ಭಾಗದ ಮಾತಿಗೇ ಬರುವ ತೊಂದರೆ. "ಸೇರ‍್ಯಾರ", "ಏರ‍್ಯಾಳ" ಇಂಥವು ಹಾಡುವ ಪದಗಳಲ್ಲಿ ಜಾಸ್ತಿ ಇರುತ್ತವೆ, ಅಲ್ವಾ? ನಾವು ರ ಬರೆದು ಕೆಳಗೆ ಯ ಒತ್ತು ಕೊಡುತ್ತೇವೆ. ಯೂನಿಕೋಡ್‌ನಲ್ಲಿ ಸುಮ್ನೆ ರ, ಹಲಂತ, ಯ ಹಾಕಿದರೆ ಅದು "ಸೇರ್ಯಾರ" ಎಂದು ಅರ್ಕಾವತ್ತು ಆಗುತ್ತದೆ. ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಇಡಬೇಕು. ಪರಿವರ್ತಕ ಅದನ್ನು ಇಡುತ್ತದೋ ಇಲ್ಲವೋ, ಮೊದಲು ಈ ಎರಡು ಮಾತು ಹಾಕಿ ಪರೀಕ್ಷೆ ಮಾಡಿ. ಸಾರ್ವಜನಿಕ ಪತ್ರ ಬದಲಿಸುವವರಿಗೆ ಇದು ಅಪರೂಪಕ್ಕೆ ಬರುತ್ತದೆ. ನಿಮಗೆ ಪುಟಪುಟಕ್ಕೂ ಬರುತ್ತದೆ.

ಕೊನೆಗೆ, ಪದದ ನಡುವೆ ಅಂಕಿ ಸಿಕ್ಕಿಕೊಂಡಿದೆಯಾ ಎಂದು ಹುಡುಕಿ. "ಕನಾ೯ಟಕ" ಎಂದು 9ರ ಅಂಕಿ ಹಾಕಿ ಅರ್ಕಾವತ್ತು ಮಾಡುವವರು, "ಬ೦ದ" ಎಂದು ಸೊನ್ನೆಯ ಅಂಕಿ ಹಾಕುವವರು ಇದ್ದಾರೆ. ಓದಲು ಸರಿಯಾಗೇ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ.

ಪೇಜ್‌ಮೇಕರ್ ಕಡತಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಆದರೆ ನನ್ನ ಅನುಭವದಲ್ಲಿ ಪದ್ಯದ ಸಾಲುಗಳು ಚೂರುಚೂರಾಗಿ ಬಂದವು. ಪೇಜ್‌ಮೇಕರ್‌ನಲ್ಲೇ ತೆರೆದು, ಒಳಗಿನ ಪಠ್ಯವನ್ನು ಆರ್‌ಟಿಎಫ್ ಆಗಿ, ಅಂದರೆ ಫಾಂಟಿನ ಹೆಸರು ಉಳಿಸಿಕೊಳ್ಳುವ ಪಠ್ಯ ಕಡತವಾಗಿ, ಹೊರತೆಗೆಯುವುದೇ ಒಳ್ಳೆಯದು. ಅದಕ್ಕೆ ಆ ಹಳೆ ಮಶಿನ್ನೇ ಬೇಕಾಗುತ್ತದೆ, ಏನು ಮಾಡುವುದೋ.

ಉಣಕಲ್ ರಿಪೇರಿ

ಅಕ್ಕಾರೇ, ಮಶಿನ್ ಬೇಕಿಲ್ಲ. ಇಮೇಜ್ ಕೈಗೆ ಬಂದರೆ ಅದನ್ನೇ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಒಂದು ಕಂಪ್ಯೂಟರಿನ ಒಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶದಲ್ಲಿ, ಓಡಿಸಬಹುದು. ಡಿಸ್ಕ್ ಕಂಟ್ರೋಲರ್ ಐಡಿಇ ಎಂದು ಇಡಬೇಕು, ಇಲ್ಲದಿದ್ದರೆ ನೀಲಿ ಪರದೆ ಬರುತ್ತದೆ. ಇಂಟರ್‌ನೆಟ್ ಮಾತ್ರ ಕೊಡಬಾರದು. ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ.

ವಿದ್ಯಾನಗರ ಪೈಥಾನ್

ಅಣ್ಣಾ, ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ 3ನೇ ವರ್ಷ ಓದುತ್ತಿದ್ದೇನೆ. 380 ವರ್ಡ್ ಕಡತಗಳ ಕೆಲಸ ನನಗೆ ಬಿಡಿ. ಲಿಬ್ರೆಆಫೀಸ್‌ನಿಂದ ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ಡಾಕ್‌ಎಕ್ಸ್ (ವರ್ಡಿನ ಹೊಸ ಬಗೆಯ ಕಡತ) ಮಾಡಿ, ಆಮೇಲೆ ಪೈಥಾನ್‌ನಲ್ಲಿ ಪ್ರತಿ ತುಂಡಿನ ಫಾಂಟ್ ಹೆಸರು ನೋಡಿ ನುಡಿಯದ್ದನ್ನು ಮಾತ್ರ ಬದಲಿಸುವ ಸ್ಕ್ರಿಪ್ಟ್ ಬರೆಯುತ್ತೇನೆ. ಅಕ್ಕ ಹೇಳಿದ ರ ಮತ್ತು ಯ ಒತ್ತಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೊದಲು 5 ಕಡತ ಕಳಿಸಿ. ನನ್ನ ಅಜ್ಜಿ ನವಲಗುಂದದವರು, ಅವರಿಗೂ ಪದ ಬರುತ್ತವೆ. ಇವತ್ತಿನವರೆಗೆ ಒಂದೂ ಬರೆದಿಟ್ಟುಕೊಂಡಿಲ್ಲ.

ಗದಗ ಕೀಲಿಮಣೆ

ಎಲ್ಲರಿಗೂ ಸುದ್ದಿ ಹೇಳುತ್ತೇನೆ. ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಹತ್ತಿಯ ಸೀಸನ್ನು.

ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ರೈಲು ಹತ್ತಿದೆ. ಅಣ್ಣಿಗೇರಿಯಲ್ಲಿ ಜನ ತುಂಬಿದರು. ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ಅಣ್ಣನ ಅಂಗಡಿಯಲ್ಲಿ ಮಧ್ಯಾಹ್ನ 12ಕ್ಕೆ ಹಚ್ಚಿದೆವು. ಮೊದಲ 31 ಜಿಬಿ ಸರಾಗ ಬಂತು. ಆಮೇಲೆ ನಿಧಾನ. ಟಿಕ್ ಟಿಕ್ ಜೋರಾದಾಗ ಅಣ್ಣ ಡಿಸ್ಕ್ ಬಂದ್ ಮಾಡಿ ಅರ್ಧ ತಾಸು ಆರಲು ಬಿಡುತ್ತಿದ್ದರು. ರಾತ್ರಿ 9ಕ್ಕೆ ಮುಗಿಯಿತು. ಓದಲು ಬಾರದೆ ಉಳಿದದ್ದು 3 ಎಂಬಿಯಷ್ಟೇ. "ಅವ್ವನ ಪದ" ಫೋಲ್ಡರಿನಲ್ಲಿ 612ರಲ್ಲಿ 610 ಬಂದವು. ಎರಡು ಹೋದವು. ಯಾವ ಪದ ಎಂದು ಹೆಸರು ಮಾತ್ರ ಕಾಣುತ್ತದೆ: "ಮದಿಮಗಳು 4", "ಮದಿಮಗಳು 5". ಅಣ್ಣ ಊಟ ಹಾಕಿಸಿ ಕಳಿಸಿದರು. ರೊಕ್ಕ ಮುಟ್ಟಲಿಲ್ಲ.

ಮನೆಗೆ ಬಂದು ಇಮೇಜಿನ ನಕಲನ್ನು ವರ್ಚುವಲ್‌ಬಾಕ್ಸ್‌ಗೆ ಹಾಕಿದೆ. ಎರಡು ಸಲ ನೀಲಿ ಪರದೆ. ಮೂರನೇ ಸಲ ಎಕ್ಸ್‌ಪಿಯ ಆ ಸಂಗೀತ ಕೇಳಿಸಿತು. ಅವ್ವ ಅಡಿಗೆಮನೆಯಿಂದ ಎದ್ದು ಬಂದಳು. ನನ್ನ ಲ್ಯಾಪ್‌ಟಾಪಿನ ಒಳಗೆ ಒಂದು ಕಿಟಕಿಯಲ್ಲಿ ಅಪ್ಪನ ಡೆಸ್ಕ್‌ಟಾಪು. ವೀರನಾರಾಯಣ ಗುಡಿಯ ಫೋಟೋ. ಅಪ್ಪ ಐಕಾನುಗಳನ್ನು ಎಡಗಡೆ ಇಡುತ್ತಿರಲಿಲ್ಲ, ಕೆಳಗೆ ಒಂದೇ ಸಾಲಿನಲ್ಲಿ ಜೋಡಿಸಿಡುತ್ತಿದ್ದರು. ಹಾಗೇ ಇದ್ದವು. ಅವ್ವ ಪರದೆ ಮುಟ್ಟಿ ನೋಡಿದಳು. ನಾನು ಸ್ವಲ್ಪ ಹೊತ್ತು ಏನೂ ಕ್ಲಿಕ್ ಮಾಡಲಿಲ್ಲ.

ಅಕ್ಕಾರೇ, ನೀವು ಹೇಳಿದ ಹಾಗೆ ಪೇಜ್‌ಮೇಕರ್‌ನಿಂದಲೇ ಆರ್‌ಟಿಎಫ್ ತೆಗೆಯುತ್ತಿದ್ದೇನೆ. ದಿನಕ್ಕೆ 12, 15 ಆಗುತ್ತವೆ. ಸಾಲುಗಳು ಕೆಡದೆ ಬರುತ್ತಿವೆ.

ವಿದ್ಯಾನಗರದ ತಮ್ಮ ಸ್ಕ್ರಿಪ್ಟ್ ಮೂರು ಸಲ ತಿದ್ದಿದ. ಮೊದಲ ಸಲ "ಸೇರ‍್ಯಾರ" ಎಲ್ಲ ಕಡೆ ಅರ್ಕಾವತ್ತಾಗಿ ಬಂತು, ಅಕ್ಕ ಹೇಳಿದಂತೆಯೇ. ಈಗ ಸರಿ. 378 ಕಡತ ನಾಲ್ಕು ನಿಮಿಷದಲ್ಲಿ ಮುಗಿದವು. ಐತಿ ಐತಿಯಾಗೇ ಉಳಿದಿದೆ. ಅಪ್ಪ ತಪ್ಪು ಟೈಪ್ ಮಾಡಿದ್ದೂ ತಪ್ಪಾಗೇ ಬಂದಿದೆ. ನನಗೆ ಬೇಕಾಗಿದ್ದು ಇದೇ. ಬರೀ ಕೋಷ್ಟಕ ನೋಡಿ ಬದಲಿಸುವ 200 ಸಾಲಿನ ಸ್ಕ್ರಿಪ್ಟಿಗೆ ಕನ್ನಡ ಒಂದಕ್ಷರ ಬರುವುದಿಲ್ಲ, ಅದಕ್ಕೇ ಅದು ಊಹೆ ಮಾಡುವುದಿಲ್ಲ. ಎಐ ಬೇಡ ಎಂದು ನಾನು ಹೇಳುತ್ತಿಲ್ಲ. ಅಂಗಡಿಯ ಪತ್ರ ಬರೆಯಲು ದಿನಾ ಬಳಸುತ್ತೇನೆ, ಒಳ್ಳೆ ಸಹಾಯ. ಆದರೆ ಒಬ್ಬರು ಹೇಳಿದ್ದನ್ನು ಹೇಳಿದ ಹಾಗೇ ಇಡಬೇಕಾದ ಕಡೆ, ತಿದ್ದಿ ಚೆಂದ ಮಾಡುವ ಕೈ ಅಪಾಯ.

ಈಗ ಇಡೀ ಫೋಲ್ಡರಿನಲ್ಲಿ "ಬೀಸುಕಲ್ಲು" ಎಂದು ಹುಡುಕಿದರೆ 57 ಪದ ಬರುತ್ತವೆ. "ಮುಳಗುಂದ" ಎಂದರೆ 9. ಅಪ್ಪನಿಗೆ ಇದು ನೋಡಲು ಸಿಗಲಿಲ್ಲ. ಅವರಿಗೆ ಯಾವ ಪದ ಯಾವ ಕಡತದಲ್ಲಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡಬೇಕಾಗಿತ್ತು.

ಹಾವೇರಿ ಮಾಸ್ತರ

ನಿಮ್ಮ ಕೆಲಸ ಓದಿ ಬಹಳ ಸಂತೋಷವಾಯಿತು. ನಾನು ಹಾವೇರಿ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲು ಮಾಸ್ತರ. ಇಬ್ಬರು ತಂತ್ರಜ್ಞಾನ ಹೇಳಿದ್ದಾರೆ. ನಾನು ಉಳಿದದ್ದು ಹೇಳುತ್ತೇನೆ.

ಆ ನೋಟ್‌ಬುಕ್ಕು ಪದಗಳಷ್ಟೇ ಮುಖ್ಯ. ಪುಟಪುಟವೂ ಫೋಟೋ ತೆಗೆಯಿರಿ. ಪದ ಒಂದೇ ಉಳಿದರೆ ಅರ್ಧ ಉಳಿದ ಹಾಗೆ. ಯಾರು ಹಾಡಿದರು, ಯಾವ ಊರು, ಅವರಿಗೆ ಯಾರಿಂದ ಬಂತು, ಯಾವ ಕೆಲಸ ಮಾಡುವಾಗ ಅಥವಾ ಯಾವ ಶಾಸ್ತ್ರದ ಹೊತ್ತಿಗೆ ಹಾಡುವುದು, ಇದನ್ನು ಪ್ರತಿ ಪದದ ತಲೆಗೆ ಬರೆಯಿರಿ. ಅರಿಷಿಣ ಹಚ್ಚುವಾಗಿನ ಪದವೋ ಸುರಗಿ ಸುತ್ತುವಾಗಿನದೋ ನಿಮ್ಮ ತಾಯಿಗೆ ಗೊತ್ತು. ನಿಮ್ಮ ಮಗಳಿಗೆ 40 ಆದಾಗ ಯಾರನ್ನು ಕೇಳುತ್ತಾಳೆ?

ಇಡುವ ವಿಷಯ. ಒಂದು ಪ್ರತಿ ಸಾದಾ ಪಠ್ಯ ಕಡತದಲ್ಲಿ ಇರಲಿ, ಯಾವ ತಂತ್ರಾಂಶ ಬಂದರೂ ಹೋದರೂ ಅದು ತೆರೆಯುತ್ತದೆ. ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಪೆನ್‌ಡ್ರೈವ್ ಕಪಾಟಿನಲ್ಲಿಟ್ಟು ಮರೆಯಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಕೂತರೆ ಅದರೊಳಗಿನದು ಮಾಸುತ್ತದೆ. ಆನ್‌ಲೈನ್ ಜಾಗ ಒಂದನ್ನೇ ನಂಬಬೇಡಿ. 2008ರಲ್ಲಿ ನಾನು ಒಂದು ಜಾಲತಾಣದಲ್ಲಿ ನಮ್ಮೂರ ಒಗಟುಗಳನ್ನು ಹಾಕುತ್ತಾ ಹೋದೆ, 200ಕ್ಕೂ ಜಾಸ್ತಿ. ತಾಣ ಮುಚ್ಚಿತು. ನನ್ನ ಹತ್ತಿರ ಒಂದೂ ಇರಲಿಲ್ಲ. ಅವನ್ನು ಹೇಳಿದ ಇಬ್ಬರು ಮುದುಕರು ಅಷ್ಟರಲ್ಲಿ ತೀರಿಹೋಗಿದ್ದರು. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಮತ್ತೆ, ಕಾಗದ. ನಿಮ್ಮ ತಂದೆ ಮುದ್ರಣದವರು. ಒಂದು ಪ್ರತಿ ಒಳ್ಳೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ. ನಮ್ಮ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಒಂದು ಪ್ರತಿ ತಗೊಂಡು ಹೋಗಿ ಮಾತಾಡಿಸಿ ನೋಡಿ. ಬೇಕಾದರೆ ನಾನು ಜೊತೆಗೆ ಬರುತ್ತೇನೆ. ಹೋಗುವ ಮೊದಲು ನಿಮ್ಮ ತಾಯಿಯನ್ನು ಕೇಳಿ. ಮನೆಯ ಹೆಣ್ಣುಮಕ್ಕಳ ನಡುವೆಯೇ ಹಾಡುವ ಕೆಲವು ಪದ ಇರುತ್ತವೆ. ಅವು ಹೊರಗೆ ಹೋಗಬೇಕೋ ಬೇಡವೋ ಅವರು ಹೇಳಲಿ.

ಗದಗ ಕೀಲಿಮಣೆ

ಮಾಸ್ತರರೇ, ನಿಮ್ಮ ಒಗಟುಗಳ ಮಾತು ಓದಿ ಅವತ್ತೇ ರಾತ್ರಿ ಒಂದು ಡಿಸ್ಕಿಗೆ ಎಲ್ಲ ಹಾಕಿ ಧಾರವಾಡದ ಅಕ್ಕನ ಮನೆಗೆ ಕಳಿಸಿದೆ. ಅವ್ವನನ್ನೂ ಕೇಳಿದೆ. 14 ಪದ ಬೇರೆ ಇಡು ಅಂದಳು. ಇಟ್ಟಿದ್ದೇನೆ. ಉಳಿದವು ಯಾರು ಬೇಕಾದರೂ ಓದಲಿ ಅಂದಳು.

16 ಪಾಯಿಂಟ್ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅವ್ವನ ಕೈಗೆ ಕೊಡುತ್ತಿದ್ದೇನೆ, ದಿನಕ್ಕೆ ಹತ್ತು ಹಾಳೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಓದುತ್ತಾಳೆ. ತಪ್ಪು ಇದ್ದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾಳೆ. ಮೂಲ ಕಡತ ಮುಟ್ಟುವುದಿಲ್ಲ, ಅವಳು ಹೇಳಿದ್ದನ್ನು ಕೆಳಗೆ ಟಿಪ್ಪಣಿಯಾಗಿ ಬರೆಯುತ್ತೇನೆ.

ಮೊನ್ನೆ "ಮದಿಮಗಳು 3" ಓದಿ ಮುಗಿಸಿ, ಮುಂದಿನ ಹಾಳೆ ಎಲ್ಲಿ ಅಂದಳು. 4 ಮತ್ತು 5 ಹೋಗಿವೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 3ನೆಯದನ್ನು ಮೊದಲಿನಿಂದ ಹಾಡಲು ಶುರು ಮಾಡಿದಳು. ಅದು ಮುಗಿದ ಮೇಲೆ ನಿಲ್ಲಲಿಲ್ಲ. 4ನೆಯದು ಪೂರ್ತಿ ಬಂತು. 5ರಲ್ಲಿ ಆರು ಸಾಲು ಬಂದವು, ಅಲ್ಲಿಗೆ ನಿಂತಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಮಗಳು ಹಿಡಿದಿದ್ದಳು. ಅವ್ವನ ಬಲಗೈ ಗುಂಡಗೆ ತಿರುಗುವುದಿಲ್ಲ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಊರಿಗೆ ಗಿರಣಿ ಬಂದಿತ್ತಂತೆ.

ಈಗ ಉಳಿದ ತೊಡಕು ಒಂದು. ಪೇಜ್‌ಮೇಕರ್ ಕಡತಗಳಲ್ಲಿ 41 ನುಡಿಯಲ್ಲಿಲ್ಲ. ಫಾಂಟ್ ಪಟ್ಟಿಯಲ್ಲಿ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಹೆಸರು ತೋರಿಸುತ್ತದೆ. ಪ್ರೆಸ್ಸಿನಲ್ಲಿ ಬಿಡುವಾದಾಗ ಅಲ್ಲಿಯ ಮಶಿನ್ನಿನಲ್ಲಿ ಟೈಪ್ ಮಾಡಿ ಫ್ಲಾಪಿಯಲ್ಲಿ ತಂದಿರಬೇಕು. ಅದರ ತುಂಡುಗಳ ಖಾನೆ ಬೇರೆ, ನಮ್ಮ ಸ್ಕ್ರಿಪ್ಟಿಗೆ ಬಗ್ಗುತ್ತಿಲ್ಲ. ಗದಗ, ಹುಬ್ಬಳ್ಳಿ ಕಡೆ ಯಾರಾದರೂ ಆ ಫಾಂಟಿನಲ್ಲಿ ಕೆಲಸ ಮಾಡಿದವರು ಇದ್ದರೆ, ಯಾವ ಕೀಲಿಗೆ ಯಾವ ಅಕ್ಷರ ಎಂದು ಕೂತು ಪಟ್ಟಿ ಮಾಡಲು ಒಂದು ಮಧ್ಯಾಹ್ನ ಕೊಡಿ. ನಾನೇ ನಿಮ್ಮಲ್ಲಿಗೆ ಬರುತ್ತೇನೆ. ಅಕ್ಕಾರೇ, ನೀವು 1997ರಿಂದ ಎಂದಿರಿ, ನಿಮಗೆ ಗೊತ್ತಿರಬಹುದಾ?

ಸಾಧನಕೇರಿ ಅಕ್ಷರ

ಗೊತ್ತಿದೆ. ಏಳು ವರ್ಷ ಅದರಲ್ಲೇ ಕೆಲಸ ಮಾಡಿದ್ದೇನೆ, ಬೆರಳಿಗೆ ಇನ್ನೂ ನೆನಪಿದೆ. ಶನಿವಾರ ಬನ್ನಿ. ಆ 41ರಲ್ಲಿ ಒಂದಕ್ಕಾದರೂ ಹಳೆ ಪ್ರಿಂಟ್ ಇದ್ದರೆ ತನ್ನಿ, ಪಕ್ಕದಲ್ಲಿಟ್ಟುಕೊಂಡು ಪಟ್ಟಿ ಮಾಡಿದರೆ ಬೇಗ ಆಗುತ್ತದೆ. ಅವ್ವನ ರೆಕಾರ್ಡಿಂಗೂ ತನ್ನಿ.